ಹಳದಿ ಪಟ್ಟಿ ಎಳ್ಳಷ್ಟು ಮೇಲೆ

"ಕಣ್ಣು ಮುಚ್ಕೋ ಮಂಗಳಾ! ನಾನು ಹೇಳೋವರೆಗೂ ತೆಗೀಬೇಡ!"

ಸರ್ವಮಂಗಳಮ್ಮನವರು ಕಣ್ಣು ಮುಚ್ಚಲಿಲ್ಲ, ಇನ್ನೂ ಅಗಲವಾಗಿ ಬಿಟ್ಟರು. ಗಂಡ ವೃಷಭೇಂದ್ರಯ್ಯನವರು ಹೊಸ ಯಂತ್ರ ತೋರಿಸುವಾಗ ಕಣ್ಣು ಮುಚ್ಚಿ ನಿಲ್ಲುವುದು ಕ್ಷೇಮವಲ್ಲವೆಂದು ಅವರಿಗೆ ಅನುಭವದಿಂದ ತಿಳಿದಿತ್ತು. ಹಿಂದಿನ ಸಲ, ದೋಸೆಯನ್ನು ತಾನೇ ಮಗುಚಿ ಹಾಕುವ ಕಾವಲಿಯ ಪ್ರದರ್ಶನದಲ್ಲಿ, ಗಂಡನ ಮಾತು ಕೇಳಿ ಕಣ್ಣು ಮುಚ್ಚಿದ್ದರು. ತೆಗೆಯುವಷ್ಟರಲ್ಲಿ ದೋಸೆ ಕಿಟಕಿ ದಾಟಿ, ಎದುರುಮನೆಯ ನಿವೃತ್ತ ತಹಸೀಲ್ದಾರ್ ಶ್ರೀಕಂಠಸ್ವಾಮಿಯವರ ಬೋಳುತಲೆಯ ಮೇಲೆ ಕೂತಿತ್ತು! ಆ ಮನುಷ್ಯ ಈಗಲೂ ಆ ಕಿಟಕಿಯ ಕೆಳಗೆ ಛತ್ರಿ ಬಿಚ್ಚಿಕೊಂಡೇ ಓಡಾಡುತ್ತಾರೆ.

"ಮುಚ್ಚಿದೀನಿ, ತೋರಿಸ್ರೀ," ಎಂದರು ಕಣ್ಣು ಬಿಟ್ಟುಕೊಂಡೇ.

ವೃಷಭೇಂದ್ರಯ್ಯನವರು ಮೇಲೆ ಮುಚ್ಚಿದ್ದ ಹಳೇ ದುಪ್ಪಟಿಯನ್ನು ಸರ್ರನೆ ಎಳೆದರು. ಕೆಳಗೆ ಒಂದು ಕಲ್ಲಿನ ವೆಟ್ ಗ್ರೈಂಡರ್, ಅದರ ಮೇಲೆ ಪ್ರೆಷರ್ ಕುಕ್ಕರ್, ಕುಕ್ಕರಿನ ಮೂತಿಗೆ ಕೂದಲು ಒಣಗಿಸುವ ಯಂತ್ರದ ಕೊಳವೆ, ಹಣೆಯ ಮೇಲೆ ಒಂದು ಕ್ಯಾಮೆರಾ ಕಣ್ಣು.

"ಅಯ್ಯೋ, ನನ್ನ ಗ್ರೈಂಡರ್ರು! ರಿಪೇರಿಗೆ ಕೊಟ್ಟಿದೀನಿ ಅಂದ್ರಲ್ರೀ!"

"ಇನ್ಮೇಲೆ ಇದು ಗ್ರೈಂಡರ್ ಅಲ್ಲ ಕಣೇ, ಸತ್ಯವರ್ಣಿ! ಪ್ರತಿ ಬಣ್ಣದೊಳಗೂ ಸಣ್ಣ ಸಣ್ಣ ಕಣ ಇರ್ತವೆ. ಅವನ್ನ ಹೀಗೆ ತಿರುಗಿಸಿದ್ರೆ ಕೆಂಪು, ಹಾಗೆ ತಿರುಗಿಸಿದ್ರೆ ಹಸಿರು. ನನ್ನ ಯಂತ್ರ ಒಂದೊಂದು ಕಣಕ್ಕೂ ಕಿವಿ ಹಿಂಡಿ ತಿರುಗಿಸತ್ತೆ! ಬ್ರಷ್ ಬೇಡ, ಪೇಂಟ್ ಬೇಡ, ಮೇಷ್ಟ್ರೂ ಬೇಡ!"

ಮೇಷ್ಟ್ರು ಬೇಡ ಎಂದದ್ದು ಸರ್ವಮಂಗಳಮ್ಮನವರಿಗೆ ಸರಿಬರಲಿಲ್ಲ. ಆ ಮೇಷ್ಟ್ರು ಯಾರೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಲೆಬುಡ ತಿಳಿಯುವುದಿಲ್ಲ.

ಮೈಸೂರಿನ ಯಾದವಗಿರಿ ಕಡೆ, ರೈಲು ಹಳಿಗೆ ಬೆನ್ನು ಹಾಕಿ ನಿಂತ ಮನೆ ಅವರದು. ಮಹಡಿಯಲ್ಲಿ ಕೋಣೆಯಷ್ಟಗಲದ ಮೇಜು, ಅದರ ತುಂಬ ಆಟಿಕೆ ರೈಲು. ಆಟಿಕೆ ಎಂದರೆ ಯಜಮಾನರಿಗೆ ಸಿಟ್ಟು ನೆತ್ತಿಗೇರುತ್ತದೆ, "ಮಾದರಿ ರೈಲು" ಎನ್ನಬೇಕು. ಗೇಣುದ್ದದ ಎಲೆಕ್ಟ್ರಿಕ್ ಎಂಜಿನ್‌ಗಳು, ಅವುಗಳ ನೆತ್ತಿಯ ಮೇಲೆ ಕೂದಲೆಳೆಯಂಥ ಕರೆಂಟು ತಂತಿ, ಸ್ಟೇಷನ್ನು, ಸುರಂಗ, ಟೀ ಅಂಗಡಿ, ಟೀ ಅಂಗಡಿಯ ಮುಂದೆ ಬನ್ನಿಗೆ ಕಾದು ನಿಂತ ಹಸು, ಎಲ್ಲಾ ಇದೆ. ಆದರೆ ಇದನ್ನೆಲ್ಲ ಅವರೊಬ್ಬರೇ ಕಟ್ಟಿದ್ದಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿ ನಿವೃತ್ತರಾದ ವೃಷಭೇಂದ್ರಯ್ಯನವರು ಮೋಟಾರು, ವೈರು, ಹಳಿ ನೋಡಿಕೊಂಡರು. ಪಕ್ಕದ ಬೀದಿಯ ಡ್ರಾಯಿಂಗ್ ಮೇಷ್ಟ್ರು ಜ್ಞಾನಪ್ರಕಾಶರು ಬಣ್ಣ ನೋಡಿಕೊಂಡರು. ಮೇಜಿನಲ್ಲಿ ಅರ್ಧ ಇವರದು, ಅರ್ಧ ಅವರದು. ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ಬೆಳಿಗ್ಗೆ ಬಂದರೆ ಹೊತ್ತು ಮುಳುಗುವವರೆಗೂ ಮಹಡಿಯಲ್ಲೇ ಇರುತ್ತಿದ್ದರು. ಇಬ್ಬರ ನಗು ಮೆಟ್ಟಿಲಿಳಿದು ಅಡುಗೆಮನೆಗೆ ಬರುತ್ತಿತ್ತು.

ಕೆಟ್ಟದ್ದು ಒಂದು ಹಸಿರಿನಿಂದ. ಸರಕು ಗಾಡಿ ಎಳೆಯುವ ಎಂಜಿನ್‌ಗೆ ಹಸಿರು ಮೈ, ಸೊಂಟದಲ್ಲಿ ಹಳದಿ ಪಟ್ಟಿ. ಮೇಷ್ಟ್ರು ತೆಳ್ಳಗಿನ ಬ್ರಷ್ ಹಿಡಿದು, ಉಸಿರು ಬಿಗಿ ಹಿಡಿದು, ವಾರಗಟ್ಟಲೆ ಕೂತು ಅದಕ್ಕೆ ಬಣ್ಣ ಹಚ್ಚಿದರು. ವೃಷಭೇಂದ್ರಯ್ಯನವರು "ಭೇಷ್" ಎನ್ನುವುದು ಬಿಟ್ಟು ಬಣ್ಣ ಅಳೆಯುವ ಮೀಟರ್ ತಂದು ಇಟ್ಟರು!

"ಹಸಿರು ಚೂರು ನೀಲಿಗೆ ವಾಲಿದೆ ಕಣಯ್ಯಾ. ಹಳದಿ ಪಟ್ಟಿನೂ ಎಳ್ಳಷ್ಟು ಮೇಲೆ ಹೋಗಿದೆ."

"ನನ್ನ ಕಣ್ಣಿಗಿಂತ ನಿನ್ನ ಡಬ್ಬಿ ದೊಡ್ಡದೇನಯ್ಯಾ? ಸ್ಟೇಷನ್ನಿನಲ್ಲಿ ನಿಂತು ನೋಡಿ ಬಂದು ಹಚ್ಚಿದೀನಿ!"

"ಎಂಜಿನ್‌ಗೆ ಧೂಳು ಹಿಡಿದಿತ್ತೋ ಏನೋ!"

"ಧೂಳು ನಿನ್ನ ತಲೇಲಿ!"

ಸರ್ವಮಂಗಳಮ್ಮ ಜಗಳ ಬಿಡಿಸಲು ಹೋಗಿ, "ನೋಡೋಕೆ ನಮ್ಮ ರಾಮಾ ಗ್ರೀನ್ ಸೀರೆ ಥರ ಲಕ್ಷಣವಾಗೇ ಇದೆಯಲ್ಲ," ಎಂದುಬಿಟ್ಟರು. "ರಾಮಾ ಗ್ರೀನಾ!" ಎಂದು ಇಬ್ಬರೂ ಒಟ್ಟಿಗೆ ಅವರ ಮೇಲೆ ಹರಿಹಾಯ್ದರು. ಅವತ್ತು ಅವರಿಬ್ಬರೂ ಒಪ್ಪಿದ್ದು ಅದೊಂದೇ ವಿಷಯ.

ಅಂದಿನಿಂದ ಮಾತಿಲ್ಲ. ಎದುರು ಸಿಕ್ಕಿದರೂ 'ಹೋಗಯ್ಯಾ ಬಾರಯ್ಯಾ' ಹೋಗಿ 'ತಾವು' ಬಂತು. ಈಗ ಮೇಷ್ಟ್ರು ಫೋನ್ ಮಾಡಿ, "ಭಾನುವಾರ ಗರಗಸ ತರ್ತೀನಿ. ಮೇಜು ಮಧ್ಯಕ್ಕೆ ಕುಯ್ದು ನನ್ನ ಅರ್ಧ ತಗೊಂಡು ಹೋಗ್ತೀನಿ," ಎಂದಿದ್ದರು. ಭಾನುವಾರ ಎಂದರೆ ನಾಳೆಯೇ! ಮೇಜು ಹೋದರೆ ಸರ್ವಮಂಗಳಮ್ಮನವರಿಗೆ ಹಪ್ಪಳ ಹರವಲು ಒಂದು ಕೋಣೆ ಸಿಗುತ್ತಿತ್ತು, ನಿಜ. ಆದರೆ ಜಗಳವಾದಂದಿನಿಂದ ಗಂಡ ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದರು. ಮಾತೆತ್ತಿದರೆ ರೇಗುತ್ತಿದ್ದರು. ಆ ಮೇಜು ಎರಡಾದರೆ ಈ ಇಬ್ಬರು ಮುದುಕರೂ ಮತ್ತೆ ಒಂದಾಗುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಅದನ್ನು ನೆನೆದರೆ ಅಳು ಬರುತ್ತಿತ್ತು.

"ನೋಡೇ ಇಲ್ಲಿ!" ವೃಷಭೇಂದ್ರಯ್ಯನವರು ಬಣ್ಣವಿಲ್ಲದ ಬಿಳಿ ಎಂಜಿನ್ ಒಂದನ್ನು ಹಳಿಯ ಮೇಲಿಟ್ಟು ಗುಂಡಿ ಒತ್ತಿದರು. ಯಂತ್ರ ಗುರ್ರ್ ಎಂದು ಕುಕ್ಕರಿನಿಂದ ಒಂದು ಸೀಟಿ ಹೊಡೆಯಿತು. ಎಂಜಿನ್ ಬೂದಿ ಬಣ್ಣಕ್ಕೆ ತಿರುಗಿ, ಮೈಮೇಲೆ ದೊಡ್ಡದೊಂದು ಬಿಳಿ ಕತ್ತರಿ ಗುರುತು ಮೂಡಿತು.

"ಇದೇನ್ರೀ, ಕೆಡವೋ ಮನೆಗೆ ಗುರುತು ಹಾಕ್ದಂಗೆ!"

ವೃಷಭೇಂದ್ರಯ್ಯನವರು ತಲೆ ಕೆರೆದುಕೊಂಡರು. "ಹಾಂ, ಗೊತ್ತಾಯ್ತು! ಗಾಡಿಗೆ ಏನೂ ಸಿಕ್ಕಿಸಿಲ್ಲ ನೋಡು. ಎಳಿಯೋಕೆ ಏನೂ ಇಲ್ಲದ ಎಂಜಿನ್ನು ಗುಜರಿ ಅಂತ ತೀರ್ಮಾನ ಮಾಡಿದೆ. ಎಂಥಾ ಬುದ್ಧಿ! ಪುಸ್ತಕಕ್ಕೊಂದು ಹಸಿರು ಬರೆದಿದಾರೆ, ಯಾರನ್ನ ನಂಬೋದು? ಅದಕ್ಕೇ ನಾನು ಇದಕ್ಕೆ 'ಕೆಲಸ ನೋಡು, ಬಣ್ಣ ಹಚ್ಚು' ಅಂತ ಒಂದೇ ಪಾಠ ಹೇಳಿಕೊಟ್ಟಿದೀನಿ."

ಪ್ರಯಾಣಿಕರ ಬೋಗಿಗಳನ್ನು ಸಿಕ್ಕಿಸಿದರು. ಎಂಜಿನ್ ಫಳಾರನೆ ಕೆಂಪಾಗಿ ಕೆನೆಬಣ್ಣದ ಪಟ್ಟಿ ಹೊದ್ದಿತು, ಹಿಂದಿನ ಬೋಗಿಗಳು ನೀಲಿಯಾದವು. ಅವನ್ನು ಬಿಚ್ಚಿ ಸರಕು ಡಬ್ಬಿಗಳನ್ನು ಸಿಕ್ಕಿಸಿದರು. ಎಂಜಿನ್ ಹಸಿರಾಗಿ ಹಳದಿ ಪಟ್ಟಿ ಬಂತು, ಕಟ್ಟಕಡೆಗಿದ್ದ ಗಾರ್ಡಿನ ಬ್ರೇಕ್ ವ್ಯಾನು ಕಂದಾಯಿತು. ಮೀಟರ್ ಇಟ್ಟರೆ ಸೊನ್ನೆ!

"ವ್ಯತ್ಯಾಸ ಸೊನ್ನೆ ಮಂಗಳಾ! ಮೇಷ್ಟ್ರಿಲ್ಲದೇನೇ..." ಎಂದವರು ಅಲ್ಲಿಗೇ ನಿಲ್ಲಿಸಿ ಕಿಟಕಿಯ ಕಡೆ ನೋಡಿದರು. ಗೆದ್ದವರ ಮುಖ ಹಾಗಿರುವುದಿಲ್ಲ.

"ನಾಳೆ ಬರ್ಲಿ, ತೋರಿಸ್ತೀನಿ. ಯಂತ್ರ ರಾತ್ರಿಯೆಲ್ಲ ಹಾಗೇ ಓಡ್ತಿರ್ಲಿ, ಹದಕ್ಕೆ ಬರತ್ತೆ," ಎಂದು ದೀಪ ಆರಿಸಿದರು.

ರೈಲಿಗಷ್ಟೇ ಬಣ್ಣ ಹಚ್ಚು ಎಂದು ಯಂತ್ರಕ್ಕೆ ಹೇಳಿಕೊಡುವುದನ್ನು ಮಾತ್ರ ಪುಣ್ಯಾತ್ಮರು ಮರೆತಿದ್ದರು!

ಮರುದಿನ ಸರ್ವಮಂಗಳಮ್ಮನವರು ಒಂದು ನಿರ್ಧಾರ ಮಾಡಿಕೊಂಡೇ ಎದ್ದರು. ಮೇಷ್ಟ್ರಿಗೆ ಖಾರಾಬಾತ್ ಎಂದರೆ ಪ್ರಾಣ. ಗರಗಸ ಹಿಡಿದು ಬಂದವರ ಕೈಗೆ ಮೊದಲು ಬಿಸಿ ಖಾರಾಬಾತಿನ ತಟ್ಟೆ ಕೊಟ್ಟರೆ ಅರ್ಧ ಸಿಟ್ಟು ಅಲ್ಲೇ ಇಳಿದೀತು. ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದರು.

ಸಾಸಿವೆ ನೀಲಿ. ಅರಿಶಿನ ನೀಲಿ. ಅಚ್ಚಖಾರದ ಪುಡಿ ನೀಲಿ. ಕಡಲೆಬೇಳೆ, ಉದ್ದಿನಬೇಳೆ, ಇಂಗು, ಎಲ್ಲವೂ ರೈಲು ಬೋಗಿಯ ಒಂದೇ ನೀಲಿ! ರವೆಯ ಡಬ್ಬ ತೆಗೆದರೆ ಅದೂ ನೀಲಿ. ಮಿಕ್ಸಿ ಮಾತ್ರ ಹಸಿರು ಮೈಗೆ ಹಳದಿ ಪಟ್ಟಿ ಸುತ್ತಿಕೊಂಡು ಜಂಬದಿಂದ ನಿಂತಿತ್ತು.

ಅವರು ಕಣ್ಣುಜ್ಜಿಕೊಂಡರು. ಕಣ್ಣಿನ ಪೊರೆ ಬಂದಿರಬಹುದೆಂದು ದಿಗಿಲಾಯಿತು. ಅರಿಶಿನವಿರಬಹುದೆಂದು ಒಂದನ್ನು ಮೂಸಿದರು. ಅದು ಅಚ್ಚಖಾರವಾಗಿತ್ತು. ಏಳೆಂಟು ಸೀನು ಬಂದವು! ನಾಲಿಗೆಯ ತುದಿಗಿಟ್ಟು ನೋಡಿ, ಊಹೆಯ ಮೇಲೆ ಒಗ್ಗರಣೆ ಹಾಕಿದರು. ಬಾಣಲೆಯಲ್ಲಿ ಗೋಡೆಗೆ ಬಳಿಯುವಂಥದ್ದೇನೋ ಕುದಿಯತೊಡಗಿತು.

"ಸರ್ವಮಂಗ್ಳೀ! ಲೇ ಸರ್ವಮಂಗ್ಳೀ! ಬಿರ್ನೆ ಬಾರವ್ವಾ, ನಂಗೇನೋ ಆಗೈತೆ!"

ನಡುಮನೆಯಿಂದ ಕೂಗಿದ್ದು ಅತ್ತೆ ಚಿಕ್ಕತಾಯಮ್ಮ. ವರ್ಷಗಳಿಂದ ಆಕೆ ಆರಾಮ ಕುರ್ಚಿ ಬಿಟ್ಟು ಎದ್ದವರಲ್ಲ. ಅಲ್ಲಿಂದಲೇ ನೀರು, ಎಲೆಯಡಿಕೆ, ರೇಡಿಯೋ, ಫ್ಯಾನು, ಮಗ, ಸೊಸೆ, ಎಲ್ಲವನ್ನೂ ಕೂಗಿ ಕರೆಸಿಕೊಳ್ಳುತ್ತಾರೆ. ಸರ್ವಮಂಗಳಮ್ಮ ಓಡಿ ಬಂದು ನೋಡಿದರೆ, ಅತ್ತೆ ಅಡಿಯಿಂದ ಮುಡಿಯವರೆಗೆ ಕೆಂಪು! ಎಡಗಿವಿಯಿಂದ ಬಲಗಿವಿಯವರೆಗೆ ಮೂಗಿನ ಮೇಲೆ ಹಾದು ಕೆನೆಬಣ್ಣದ ಪಟ್ಟಿ!

"ಅಯ್ಯೋ ಶಿವನೇ! ರೀ, ಬನ್ರೀ ಇಲ್ಲಿ!"

ವೃಷಭೇಂದ್ರಯ್ಯನವರು ಬಚ್ಚಲಿನಿಂದ ಬಂದರು. ಅವರ ಮೈ ಬೂದಿ ಬಣ್ಣವಾಗಿತ್ತು. ಬನಿಯನ್ನಿನ ಮೇಲೆ, ಎದೆಯ ನಡುವೆ, ದೊಡ್ಡ ಬಿಳಿ ಕತ್ತರಿ ಗುರುತು.

"ಏನ್ರೀ ಇದು ನಿಮ್ಮ ವೇಷ?"

"ನನ್ನದಿರಲಿ, ನಿನ್ನ ಮುಖ ನೋಡ್ಕೊ ಹೋಗು!"

ಸರ್ವಮಂಗಳಮ್ಮ ಕನ್ನಡಿಯ ಮುಂದೆ ನಿಂತರು. ಸೀರೆ, ರವಿಕೆ, ಕೆನ್ನೆ, ಮೂಗುತಿ, ಎಲ್ಲಾ ಹಳೇ ಕಾಫಿಪುಡಿಯ ಕಂದು. ಬೆನ್ನು ತಿರುಗಿಸಿದರೆ ಅಲ್ಲೊಂದು ಕೆಂಪು ದುಂಡು, ದೀಪದ ಹಾಗೆ.

"ಇದು ಯಾವುದ್ರೀ?"

ವೃಷಭೇಂದ್ರಯ್ಯನವರು ಉತ್ತರಿಸುವ ಮುನ್ನ ಎರಡು ಹೆಜ್ಜೆ ಹಿಂದೆ ಸರಿದರು. "ಬ್ರೇಕ್ ವ್ಯಾನು."

"ಏನಂದ್ರಿ?"

"ನಾನಲ್ಲ ಕಣೇ, ಯಂತ್ರ! ಕೆಲಸ ನೋಡಿ ಬಣ್ಣ ಹಚ್ಚತ್ತೆ ಅಷ್ಟೇ. ಯಾರು ಎಳೀತಾರೋ ಅವರು ಎಂಜಿನ್ನು. ಅಮ್ಮ ಕೂತಲ್ಲೇ ಮನೆಮಂದಿನೆಲ್ಲ ಎಳೀತಾರೆ, ಅದಕ್ಕೇ ಕೆಂಪು. ನೀನು... ಬೇಡ ಬೇಡ, ನಿಧಾನ ನಿಧಾನ ಅಂತಿರ್ತೀಯಲ್ಲ..."

"ಬೆಳಿಗ್ಗೆಯಿಂದ ಸಂಜೆವರೆಗೂ ಈ ಮನೆ ಎಳೀತಿರೋಳು ನಾನು! ನಾನು ಬ್ರೇಕ್ ಹಾಕದೇ ಇದ್ದಿದ್ರೆ ಆ ದೋಸೆ ಕಾವಲಿ ಇಡೀ ಬೀದಿಗೆ ದೋಸೆ ಹಾಕ್ತಿತ್ತು! ಮೊದಲು ಆ ದರಿದ್ರದ್ದನ್ನ ಆರಿಸಿ!"

"ಆರಿಸ್ಬ್ಯಾಡ್ವೋ ಪುಟ್ಟಾ," ಎಂದರು ಚಿಕ್ಕತಾಯಮ್ಮ, ಕೈಕನ್ನಡಿಯಲ್ಲಿ ಮುಖ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ. "ನನ್ ಮದ್ವೆಗೆ ಇಂಥದೇ ಬಣ್ಣದ್ ಸೀರೆ ಕೇಳಿದ್ದೆ, ಕೊಡುಸ್ನಿಲ್ಲ. ಈಗ್ಲಾದ್ರೂ ಬಂತಲ್ಲ, ಇರ್ಲಿ ಬುಡು!"

ಸರ್ವಮಂಗಳಮ್ಮ ಉರಿಯುತ್ತಿದ್ದರು. ಆದರೂ ಗಂಡನ ಎದೆಯ ಆ ಬಿಳಿ ಗುರುತು ಕಣ್ಣಿಗೆ ಬಿದ್ದಾಗ ಪಾಪ ಅನ್ನಿಸಿತು. ಎಳೆಯಲು ಏನೂ ಇಲ್ಲದವರಿಗೆ ಬರುವ ಗುರುತು ಅದೆಂದು ನಿನ್ನೆ ತಾನೆ ಕಂಡಿದ್ದರು. ಅವರು ಗಂಡನ ಹಿಂದೆ ಮೆಟ್ಟಿಲು ಹತ್ತಿದರು.

ಮೇಲೆ ಯಂತ್ರ ಕೆಲಸಕ್ಕೆ ಸೊಂಟ ಕಟ್ಟಿ ನಿಂತಿತ್ತು. ಗ್ರೈಂಡರ್ ಗಿರಗಿರ ತಿರುಗುತ್ತಿತ್ತು, ಕುಕ್ಕರ್ ಬಿಟ್ಟೂ ಬಿಡದೆ ಸೀಟಿ ಹೊಡೆಯುತ್ತಿತ್ತು. ಅದರ ಕಣ್ಣು ಕಿಟಕಿಯ ಕಡೆ ಹೊರಳಿ ಬೀದಿಯನ್ನೇ ದುರುಗುಟ್ಟಿ ನೋಡುತ್ತಿತ್ತು. ಸರ್ವಮಂಗಳಮ್ಮ ಹೊರಗೆ ಬಗ್ಗಿ ನೋಡಿದರು.

ಬೀದಿಯಲ್ಲಿ ಕೋಲಾಹಲ! ಶ್ರೀಕಂಠಸ್ವಾಮಿಯವರು ಎಂದಿನಂತೆ ನಾಯಿ ಹಿಡಿದು ವಾಕಿಂಗ್ ಹೊರಟಿದ್ದರು. ಹಿಡಿದಿದ್ದರು ಎನ್ನುವುದು ಮರ್ಯಾದೆಯ ಮಾತು, ಆ ಮೊಳದುದ್ದದ ನಾಯಿ ಅವರನ್ನು ಹಳ್ಳದಿಂದ ಹಳ್ಳಕ್ಕೆ ದರದರ ಎಳೆದೊಯ್ಯುತ್ತದೆ. ಈಗ ನಾಯಿ ಕೆಂಪಗೆ, ಹೊಟ್ಟೆಗೆ ಕೆನೆಪಟ್ಟಿ ಕಟ್ಟಿಕೊಂಡು ಮುಂದೆ, ತಹಸೀಲ್ದಾರರು ಅಚ್ಚ ನೀಲಿಯಾಗಿ ಹಿಂದೆ. ತರಕಾರಿ ಗಾಡಿಯ ಪುಟ್ಟಸಿದ್ದಮ್ಮ ಹಸಿರಾಗಿದ್ದಳು, ಅವಳ ಗಾಡಿಯ ಟೊಮೆಟೊ, ಬದನೆ, ಕುಂಬಳ ಒಂದೂ ಬಿಡದೆ ನೀಲಿ. "ತಾಯೀ, ಇದ್ರಾಗೆ ಹಣ್ಣಾದ್ ಟೊಮೆಟೊ ಯಾವ್ದು ಅಂತ ಎಂಗ್ ನೋಡ್ಲಿ?" ಎಂದು ಅವಳು ಮಹಡಿಯತ್ತ ಕೂಗಿದಳು. ಮೂಲೆಮನೆಯ ಗಂಡಹೆಂಡಿರಲ್ಲಿ ಯಾರು ಹಸಿರು, ಯಾರು ನೀಲಿ ಎಂದು ಬೀದಿಯೇ ನೋಡಿಬಿಟ್ಟಿತ್ತು. ಆ ಮನೆಯ ಗಂಡ ತಲೆಗೆ ಟವೆಲ್ ಹೊದ್ದುಕೊಂಡು ಒಳಗೆ ಓಡಿದ. ಟವೆಲ್ಲೂ ನೀಲಿಯಾಯಿತು.

"ನಿಲ್ಲಿಸ್ರೀ ಅಂದ್ರೆ!"

"ನಿಲ್ಲಿಸ್ತಾನೇ ಇದೀನಿ!" ವೃಷಭೇಂದ್ರಯ್ಯನವರು ಗುಂಡಿಗಳನ್ನು ಹುಡುಕುತ್ತಿದ್ದರು. ಕೆಂಪು ಗುಂಡಿ ಒತ್ತಿದರೆ ನಿಲ್ಲುವಂತೆ ಮಾಡಿದ್ದರು, ಆದರೆ ಈಗ ಎಲ್ಲ ಗುಂಡಿಗಳೂ ನೀಲಿ! ಒಂದನ್ನು ಒತ್ತಿದರು. ಗ್ರೈಂಡರ್ ಇನ್ನೂ ಜೋರಾಯಿತು. ಇನ್ನೊಂದನ್ನು ಒತ್ತಿದರು. ಸೀಟಿಯ ಸದ್ದು ಏರಿ, ಕಿಟಕಿಯಾಚೆ ಹಾದುಹೋಗುತ್ತಿದ್ದ ಕಾಗೆಯೊಂದು ನೀಲಿಯಾಯಿತು.

"ವೈರ್ ಕತ್ತರಿಸಿ ಮತ್ತೆ!"

"ಪ್ಲಗ್ಗಿಲ್ಲ ಕಣೇ! ಕರೆಂಟು ಹೋದ್ರೆ ತೊಂದ್ರೆ ಅಂತ ಇನ್ವರ್ಟರ್ ಬ್ಯಾಟರಿಗೇ ಸೀದಾ ಕೊಟ್ಟಿದೀನಿ. ಕಪ್ಪು ಯಾವುದು, ಕೆಂಪು ಯಾವುದು, ಹಸಿರು ಯಾವುದು? ಹನ್ನೊಂದು ವೈರೂ ನೀಲಿ! ತಪ್ಪಿದ್ದನ್ನ ಕತ್ತರಿಸಿದ್ರೆ ಬ್ಯಾಟರಿ ಢಂ ಅನ್ನತ್ತೆ!"

ಆಗಲೇ ಗೇಟಿನ ಸದ್ದಾಯಿತು.

ಜ್ಞಾನಪ್ರಕಾಶ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಉದ್ದನೆಯ ಮನುಷ್ಯ, ಕೈಯಲ್ಲಿ ಉದ್ದನೆಯ ಗರಗಸ. ಗೇಟು ದಾಟುವಾಗ ಹಾಕಿದ್ದ ಬಿಳಿ ಶರ್ಟು ಬಾಗಿಲಿಗೆ ಬರುವಷ್ಟರಲ್ಲಿ ಬೂದಿಯಾಗಿತ್ತು. ಮುಖ, ಕೈ, ಕನ್ನಡಕ, ಎಲ್ಲಾ ಬೂದಿ. ಎದೆಯ ಮೇಲೆ ಬಿಳಿ ಕತ್ತರಿ ಗುರುತು.

ಇಬ್ಬರು ಬೂದಿ ಮುದುಕರು ಬಾಗಿಲಲ್ಲಿ ಎದುರುಬದುರು ನಿಂತರು. ಮೇಷ್ಟ್ರು ತಮ್ಮ ಎದೆ ನೋಡಿಕೊಂಡರು, ವೃಷಭೇಂದ್ರಯ್ಯನವರ ಎದೆ ನೋಡಿದರು. ಬಣ್ಣದ ಮಾತಾದ್ದರಿಂದ ಆ ಗುರುತಿನ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ತಮ್ಮ ಹೊಸ ಯಂತ್ರವೋ?" ಎಂದರು ತಣ್ಣಗೆ.

"ಹೌದು. ತಮ್ಮ ಬದಲಿಗೆ ಮಾಡಿದ್ದು," ಎಂದರು ವೃಷಭೇಂದ್ರಯ್ಯ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡರು.

"ಸಂತೋಷ. ತಾವು ಪಕ್ಕಕ್ಕೆ ಸರಿದ್ರೆ ನನ್ನ ಅರ್ಧ ಕುಯ್ಕೊತೀನಿ."

ಸರ್ವಮಂಗಳಮ್ಮನವರ ತಾಳ್ಮೆ ಅಲ್ಲಿಗೆ ಮುಗಿಯಿತು. "ಏನ್ ಕುಯ್ಯೋದು ಜ್ಞಾನಣ್ಣ! ಊರೇ ನೀಲಿಯಾಗಿ ಕೂತಿದೆ, ನಿಮಗೆ ಮೇಜು ಬೇಕಾ? ಇವ್ರು ಊಟ ಬಿಟ್ಟಿದಾರೆ, ನೀವೂ ಇಳಿದು ಹೋಗಿದೀರಾ. ಎಳ್ಳಷ್ಟು ಹಳದಿಗೆ ಹೀಗಾ ಆಡೋದು ಇಬ್ರೂ? ನಾಚಿಕೆ ಆಗಲ್ವಾ? ಮೊದಲು ಈ ಪಿಶಾಚಿನ ನಿಲ್ಲಿಸಿ, ಆಮೇಲೆ ಏನಾದ್ರೂ ಕುಯ್ಕೊಳ್ಳಿ!" ಎಂದವರೇ ಗರಗಸ ಕಿತ್ತುಕೊಂಡು ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನು ಮೇಷ್ಟ್ರ ಕೈಗೆ ತುರುಕಿದರು.

ಹಗ್ಗ ಕಂಡು ವೃಷಭೇಂದ್ರಯ್ಯನವರಿಗೆ ಉಪಾಯ ಹೊಳೆಯಿತು. ಒಂದೊಂದೇ ವೈರು ಕತ್ತರಿಸಿದರೆ ತಾನೇ ಅಪಾಯ? ಯಂತ್ರವನ್ನೇ ಬಾಗಿಲ ಕಡೆಗೆ ಜಗ್ಗಿದರೆ ಹನ್ನೊಂದು ವೈರೂ ಒಟ್ಟಿಗೆ ಕಿತ್ತು ಬರುತ್ತವೆ! ಆದರೆ ಕಲ್ಲಿನ ಗ್ರೈಂಡರ್ ಒಬ್ಬರು ಎಳೆದರೆ ಅಲುಗುವುದೇ? ಅವರು ಹಗ್ಗವನ್ನು ಯಂತ್ರದ ಸೊಂಟಕ್ಕೆ ಬಿಗಿದು, ಒಂದು ತುದಿ ತಾವು ಹಿಡಿದು, ಇನ್ನೊಂದು ತುದಿಯತ್ತ ನೋಡಿದರು. ಮೇಷ್ಟ್ರು ಆ ತುದಿ ಹಿಡಿದರು.

"ತಾವು ಎಡಕ್ಕೆ ಎಳೀರಿ," ಎಂದರು ವೃಷಭೇಂದ್ರಯ್ಯ.

"ತಾವು ಮೊದಲು ಬಗ್ಗಿ," ಎಂದರು ಮೇಷ್ಟ್ರು.

ಯಂತ್ರ ಒಂದಿಂಚೂ ಸರಿಯಲಿಲ್ಲ. ಒಬ್ಬರು ಎಳೆದಾಗ ಇನ್ನೊಬ್ಬರು ಉಸಿರು ತೆಗೆದುಕೊಳ್ಳುತ್ತಿದ್ದರು.

"ಒಟ್ಟಿಗೆ ಎಳೀರಿ!" ಎಂದರು ಸರ್ವಮಂಗಳಮ್ಮ. ಎಂದವರೇ ಮರುಕ್ಷಣ, "ಅಯ್ಯೋ ನಿಧಾನ, ಟೈಲ್ಸು! ಬೇಡ, ಸೊಂಟ ಹಿಡ್ಕೊಂಡೀತು!" ಎಂದು ಗಂಡನ ಪಂಚೆ ಹಿಡಿದು ಹಿಂದಕ್ಕೆ ಜಗ್ಗಿದರು. ಅವರ ಕಂದು ಇನ್ನೂ ಗಾಢವಾಯಿತು. ಅದನ್ನು ಕಂಡು ಸಿಟ್ಟಿನಿಂದ ಪಂಚೆ ಬಿಟ್ಟರು.

"ಎಳಿಯೋ ಲೋ!" ಎಂದು ಕಿರುಚಿದರು ವೃಷಭೇಂದ್ರಯ್ಯ.

"ಎಳೀತಾ ಇದೀನಲ್ಲೋ! ನೀನ್ ಎಳಿ ಕತ್ತೆ!" ಎಂದರು ಮೇಷ್ಟ್ರು.

ಎಷ್ಟೋ ದಿನದ ಮೇಲೆ ಬಂದ ಮಾತು ಅದು! ಸರ್ವಮಂಗಳಮ್ಮನವರಿಗೆ ಕಣ್ಣು ತುಂಬಿ ಬಂತು. ಇಬ್ಬರೂ ಭುಜಕ್ಕೆ ಭುಜ ಕೊಟ್ಟು, ಬಗ್ಗಿ, "ಐಸಾ!" ಎಂದು ಜಗ್ಗಿದರು. ಗ್ರೈಂಡರ್ ಕಿರ್ರೆಂದು ಸರಿಯಿತು. ಯಂತ್ರದ ಕಣ್ಣು ಬೀದಿ ಬಿಟ್ಟು ಇವರತ್ತ ಹೊರಳಿ, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಉದ್ದನೆಯದೊಂದು ಸೀಟಿ ಹೊಡೆಯಿತು. ಬೂದಿ ಹೋಯಿತು, ಕತ್ತರಿ ಗುರುತು ಹೋಯಿತು. ಇಬ್ಬರ ಮೈಗೂ ಒಂದೇ ಹಸಿರು ಹರಿಯಿತು. ಒಬ್ಬರ ಬಲತೋಳಿನಿಂದ ಹೊರಟ ಹಳದಿ ಪಟ್ಟಿ ಎದೆ ಹಾದು, ಸೀದಾ ಇನ್ನೊಬ್ಬರ ಎದೆಗೆ ದಾಟಿ, ಎಡತೋಳಿನಲ್ಲಿ ನಿಂತಿತು.

ಮರುಕ್ಷಣ ಹನ್ನೊಂದು ವೈರೂ ಪಟಪಟನೆ ಕಿತ್ತವು. ಇಬ್ಬರೂ ಬಾಗಿಲಲ್ಲಿ ಅಂಗಾತ ಬಿದ್ದರು. ಯಂತ್ರ ಅವರ ಪಕ್ಕದಿಂದ ಸರ್ರನೆ ಜಾರಿ, ಧಡ್ ಧಡ್ ಎಂದು ಮೆಟ್ಟಿಲಿಳಿದು, ಕೊನೆಯ ಮೆಟ್ಟಿಲಲ್ಲಿ ಚೂರುಚೂರಾಯಿತು. ಕುಕ್ಕರ್ ಉರುಳಿ ಹೋಗಿ ಚಿಕ್ಕತಾಯಮ್ಮನವರ ಕಾಲ ಬುಡದಲ್ಲಿ ನಿಂತಿತು.

"ಯಾಕ್ರಪ್ಪಾ, ಉಪ್ಪಿಟ್ಟು ಆಯ್ತಾ?" ಎಂದು ಅವರು ಕೂಗಿದರು.

ಖಾರಾಬಾತ್ ತಟ್ಟೆಗೆ ಬರುವ ಹೊತ್ತಿಗೆ ಬಣ್ಣಗಳು ಒಂದೊಂದಾಗಿ ಮನೆಗೆ ಮರಳಿದವು. ಅರಿಶಿನ ಹಳದಿಯಾಯಿತು, ಖಾರಾಬಾತ್ ಖಾರಾಬಾತಿನಂತೆಯೇ ಕಂಡಿತು, ಉಪ್ಪು ಮಾತ್ರ ಮೂರು ಪಾಲು ಬಿದ್ದಿತ್ತು. ಬೀದಿಯಲ್ಲಿ ಆ ಮೊಳದುದ್ದದ ನಾಯಿ ಮತ್ತೆ ತನ್ನ ಕಂದು ಬಣ್ಣಕ್ಕೆ ಬಂತು, ತಹಸೀಲ್ದಾರರು ತಹಸೀಲ್ದಾರರಾದರು. ಸರ್ವಮಂಗಳಮ್ಮನವರ ಕೆನ್ನೆಯೂ ತಿಳಿಯಾಯಿತು. ಅತ್ತೆಯ ಕೆಂಪು ಇಳಿದಾಗ ಆಕೆ ಒಂದು ತೊಟ್ಟು ಕಣ್ಣೀರನ್ನೂ ಹಾಕಿದರು.

ಆ ಇಬ್ಬರು ಮಾತ್ರ ಹಸಿರಾಗಿಯೇ ಉಳಿದರು! ಸೋಪು ಹಾಕಿ ಉಜ್ಜಿದರು, ಹೋಗಲಿಲ್ಲ. ಸೀಗೆಪುಡಿ, ಸೀಮೆಎಣ್ಣೆ, ಹುಣಸೆಹಣ್ಣು, ಯಾವುದಕ್ಕೂ ಜಗ್ಗಲಿಲ್ಲ. ಮೇಷ್ಟ್ರು ಬಾಯಿ ಮುಕ್ಕಳಿಸಲು ನಲ್ಲಿಯ ಕಡೆ ಹೋದರೆ ಇಬ್ಬರೂ ಸರಕ್ಕನೆ ಬೂದಿಯಾಗಿ ಎದೆಯ ಮೇಲೆ ಕತ್ತರಿ ಗುರುತು ಮೂಡುತ್ತಿತ್ತು. ವಾಪಸ್ ಬಂದು ಪಕ್ಕದಲ್ಲಿ ಕೂತರೆ ಮತ್ತೆ ಹಸಿರು.

"ಒಡೆಯೋ ಮುಂಚೆ ಕಣಗಳಿಗೆ ಕೊನೇ ಪಾಠ ಹೇಳಿ ಹೋಗಿದೆ," ಎಂದರು ವೃಷಭೇಂದ್ರಯ್ಯ. "ನಾವಿಬ್ರೂ ಸೇರಿ ಒಂದು ಎಂಜಿನ್ನು. ಬೇರೆ ಆದ್ರೆ ಗುಜರಿ."

"ಎಷ್ಟು ದಿನ?"

"ಅದಕ್ಕೆ ಗೊತ್ತಿತ್ತು. ಅದು ಸತ್ತು ಹೋಯ್ತು."

ಇಬ್ಬರೂ ಮಹಡಿಗೆ ಹೋಗಿ ಮೇಜಿನ ಮುಂದೆ ಕೂತರು. ಗರಗಸವನ್ನು ಸರ್ವಮಂಗಳಮ್ಮ ಆಗಲೇ ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದರು. ಕಾಫಿ ಹಿಡಿದು ಮೇಲೆ ಬಂದವರು ಬಾಗಿಲಲ್ಲೇ ನಿಂತರು. ಗಂಡ ಬಣ್ಣದ ಮೀಟರನ್ನು ಒಮ್ಮೆ ತಮ್ಮ ತೋಳಿಗೆ, ಒಮ್ಮೆ ಮೇಷ್ಟ್ರು ಬರೆದ ಪುಟ್ಟ ಹಸಿರು ಎಂಜಿನ್ನಿಗೆ ಹಿಡಿಯುತ್ತಿದ್ದರು. ಆಮೇಲೆ ಮೀಟರನ್ನು ಮೇಜಿನ ಕೆಳಗಿಟ್ಟರು.

"ಜ್ಞಾನೀ, ನೀನು ಹಚ್ಚಿದ್ದೇ ಸರಿ ಕಣಯ್ಯಾ. ನನ್ನ ಮೀಟರಿಗೆ ಏನ್ ಗೊತ್ತು! ಅವತ್ತು ನಾನು ಹಾಗನ್ನಬಾರದಿತ್ತು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮೂಗಿಗೇರಿಸಿ, ಎಂಜಿನ್ನನ್ನು ಕಣ್ಣಿನ ಹತ್ತಿರ ತಂದು ನೋಡಿದರು.

"ಇಲ್ಲ ಇಂದ್ರಾ. ಈಗ ನೋಡಿದ್ರೆ ಹಳದಿ ಎಳ್ಳಷ್ಟು ಮೇಲೇ ಹೋಗಿದೆ. ನೀನೇ ಸರಿ."

"ಮೇಲೆ ಹೋಗಿಲ್ಲ ಕಣೋ. ನಾನೇ ತಪ್ಪು ಅಳೆದಿದ್ದು."

"ಹೋಗಿದೆ ಅಂತ ಬರೆದೋನೇ ಹೇಳ್ತಿದೀನಲ್ಲ!"

"ಹೋಗಿಲ್ಲ ಅಂತ ಅಳೆದೋನೇ ಹೇಳ್ತಿದೀನಲ್ಲ! ನೀನೇ ಸರಿ ಅಂದ್ರೆ ಒಪ್ಕೊಳ್ಳೋಕೇನಯ್ಯಾ ರೋಗ?"

"ಹಸಿರೂ ನೀಲಿಗೆ ವಾಲಿದೆ! ನೀನೇ ಸರಿ!"

"ಎಲ್ಲಿ ವಾಲಿದೆ? ನಿನ್ನ ಕಣ್ಣು ವಾಲಿದೆ!"

"ನನ್ನ ಕಣ್ಣಿಗಂತೀಯಾ? ಇನ್ನೊಂದು ನಿಮಿಷ ಈ ಮನೇಲಿರಲ್ಲ!" ಮೇಷ್ಟ್ರು ದಡಕ್ಕನೆ ಎದ್ದು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು, ಗೇಟಿನವರೆಗೂ ಹೋದರು. ಅಲ್ಲಿ ತೋಳು ಬೂದಿಯಾಯಿತು. ಮೇಲೆ ಕಿಟಕಿಯಲ್ಲಿ ವೃಷಭೇಂದ್ರಯ್ಯನವರ ಮುಖವೂ ಬೂದಿಯಾಯಿತು. ಬೀದಿಯಲ್ಲಿ ಹೀಗೆ ಹೋಗುವಂತಿಲ್ಲ, ಸಿಟ್ಟಿನಲ್ಲಿ ವಾಪಸ್ ಬರುವಂತೆಯೂ ಇಲ್ಲ! ಪಾಪ, ಮನುಷ್ಯ ಗೇಟಿನ ಚಿಲಕ ಹಿಡಿದು ಅಲ್ಲೇ ನಿಂತರು.

ಸರ್ವಮಂಗಳಮ್ಮನವರು ಗಂಡನ ಕೈಗೆ ಶರ್ಟು ಕೊಟ್ಟು, ಕಿಟಕಿಯಿಂದ ಬಗ್ಗಿ ಹೇಳಿದರು:

"ಜ್ಞಾನಣ್ಣ, ಸಿಟ್ಟು ಮಾಡ್ಕೊಂಡು ಹೋಗೋದಾದ್ರೆ ಇವ್ರನ್ನೂ ಕರ್ಕೊಂಡು ಹೋಗಿ. ಬರ್ತಾ ಒಂದು ಕಟ್ಟು ಕೊತ್ತಂಬರಿ ತನ್ನಿ."